ಬಣ್ಣ ತೊಳೆದ ಮೇಲಿನ ಹಾಡು

ಹೋದ ಆಷಾಢದಲ್ಲಿ ಹೊಸನಗರದ ಕಡೆ ನೆಂಟರ ಮನೆಯಲ್ಲಿ ತಾಳಮದ್ದಲೆ ಇತ್ತು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಹೊರಗೆ ಮಳೆ ಅಂದ್ರೆ ಮಳೆ. ಹಂಚಿನ ಮೇಲಿನ ಸದ್ದಿಗೆ ಭಾಗವತರು ಶ್ರುತಿ ಏರಿಸಿಯೇ ಹಾಡಬೇಕಿತ್ತು. ಪ್ರಸಂಗ ಭೀಷ್ಮ ವಿಜಯ. ಅಂಬೆಯ ಅರ್ಥ, ಅಂದರೆ ಪದ್ಯದ ನಂತರದ ಮಾತು, ಹೇಳಲು ಕೂತವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಐವತ್ತು ದಾಟಿದ ವಯಸ್ಸು, ದಪ್ಪ ಮೀಸೆ, ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಪಕ್ಕದಲ್ಲಿ ಎಲೆ ಅಡಿಕೆ ತಟ್ಟೆ. ಸಾಲ್ವನ ಮನೆಯಿಂದ ವಾಪಸು ಬಂದ ಅಂಬೆಯಾಗಿ ಅವರು ಭೀಷ್ಮನ ಎದುರು ನಿಂತ ಮಾತು ಶುರುವಾಯಿತು. ನಿಂತಿದ್ದು ಮಾತಿನಲ್ಲಿ ಮಾತ್ರ, ಮೇಷ್ಟ್ರು ಚಕ್ಕಳಮಕ್ಕಳ ಹಾಕಿಕೊಂಡೇ ಇದ್ದರು. ನನ್ನನ್ನು ಎಳೆದು ತಂದವನು ನೀನು, ಪ್ರೀತಿಸಿದವನು ಬೇಡ ಅಂದ, ಈಗ ನಾನು ಯಾವ ಮನೆಗೆ ಹೋಗಲಿ ಎಂದು ಕೇಳಿದರು. ಅಡುಗೆಮನೆ ಬಾಗಿಲಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರ ಮೀಸೆ ಯಾರಿಗೂ ಅಡ್ಡ ಬರಲಿಲ್ಲ.

ನಡುವೆ ಕಾಫಿಗೆ ಎದ್ದಾಗ ಆ ಮನೆಯ ಪಿಯುಸಿ ಹುಡುಗ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. ಯಾವುದೋ ದೇಶದ ಸಿನಿಮಾದ ಟ್ರೇಲರ್. ಹಾಡೋದು, ಕುಣಿಯೋದು ಕಲಿಯುವ ಶಾಲೆ. ಅಲ್ಲಿ ಇಬ್ಬರು ಹುಡುಗರು. ವೇದಿಕೆಗೆ ಆಯ್ಕೆಯಾಗಬೇಕು ಅನ್ನೋ ಹಂಬಲ ಇಬ್ಬರಿಗೂ. ಕೊನೆಗೆ ಮಹಡಿ ಮೇಲೆ ಕೈ ಕೈ ಹಿಡಿದು ಹಾಡುತ್ತಾರೆ. ಹಿಂದೆ ನಿಂತು ನೋಡಿದ ಅವನ ಚಿಕ್ಕಪ್ಪ, "ಎಂತದು ಮಾರಾಯ ಇದು? ಇಂಥದ್ದೆಲ್ಲ ನಮ್ಮ ಕಡೆಗಲ್ಲ" ಅಂದರು. ಬೈದ ಹಾಗಲ್ಲ, ಸುಮ್ನೆ ಅಂದರು. ಹತ್ತು ನಿಮಿಷದ ಹಿಂದೆ ಅಂಬೆಯ ಪದ್ಯಕ್ಕೆ ಮದ್ದಲೆ ನುಡಿಸಿದ್ದು ಅವರೇ.

ಈ ಲೇಖನ ಆ 'ನಮ್ಮ ಕಡೆಗಲ್ಲ' ಅನ್ನೋ ಮಾತಿನ ಬಗ್ಗೆ. ಕನಸು ಕಟ್ಟಿಕೊಂಡ ಎಳೆಯ ಕಲಾವಿದರು, ಅವರಲ್ಲಿ ಇಬ್ಬರು ಹುಡುಗರ ಅಥವಾ ಇಬ್ಬರು ಹುಡುಗಿಯರ ಪ್ರೀತಿ, ಅದನ್ನು ಹಾಡಿನಲ್ಲೇ ಹೇಳುವ ಸಿನಿಮಾ. ಇಂಥದ್ದು ಕನ್ನಡದಲ್ಲಿ, ಅದರಲ್ಲೂ ಮಲೆನಾಡಿನ ನೆಲದಲ್ಲಿ ಯಾಕೆ ಬರುತ್ತಿಲ್ಲ? ಕಾನೂನು ಅಡ್ಡವಾ, ಸೆನ್ಸಾರ್ ಅಡ್ಡವಾ, ದುಡ್ಡಾ, ಜನರಾ? ಜನ ಒಪ್ಪಲ್ಲ ಅನ್ನೋದು ಎಲ್ಲರ ಬಾಯಲ್ಲೂ ಇರುವ ಉತ್ತರ. ನನಗೆ ಅದರ ಮೇಲೆ ನಂಬಿಕೆ ಕಡಿಮೆ.

ಮೊದಲು 'ಮ್ಯೂಸಿಕಲ್' ಅನ್ನೋ ಪದ ಬಿಡಿಸಿಕೊಳ್ಳೋಣ. ನಮ್ಮ ಸಿನಿಮಾಗಳಲ್ಲಿ ಹಾಡಿಗೇನು ಬರವಿಲ್ಲ. ಆದರೆ ಎಷ್ಟೋ ಸಿನಿಮಾಗಳಲ್ಲಿ ಹಾಡು ಬಂದಾಗ ಕಥೆ ನಿಂತುಬಿಡುತ್ತದೆ. ನಾಯಕ ನಾಯಕಿ ಹಿಮದ ಬೆಟ್ಟಕ್ಕೆ ಹೋಗಿ ಬರುತ್ತಾರೆ, ನಾವು ಪಾಪ್‌ಕಾರ್ನ್ ತಂದುಕೊಳ್ಳುತ್ತೇವೆ. ಮ್ಯೂಸಿಕಲ್‌ನಲ್ಲಿ ಹಾಡು ತೆಗೆದರೆ ಕಥೆಯೇ ಮುರಿಯುತ್ತದೆ. ಪಾತ್ರ ತನಗೆ ತಾನೇ ಒಪ್ಪಿಕೊಳ್ಳದ್ದನ್ನು ಹಾಡಿನಲ್ಲಿ ಒಪ್ಪಿಕೊಳ್ಳುತ್ತದೆ. ನ್ಯೂಯಾರ್ಕ್‌ನಲ್ಲಿ 1996ರಲ್ಲಿ ಶುರುವಾಗಿ 12 ವರ್ಷ ಓಡಿದ, 2005ರಲ್ಲಿ ಸಿನಿಮಾ ಆದ 'ರೆಂಟ್' ಈ ಜಾತಿಯದ್ದು. ಬಡ ಕಲಾವಿದರ ಗುಂಪು, ಅವರಲ್ಲಿ ಗಂಡು ಗಂಡು, ಹೆಣ್ಣು ಹೆಣ್ಣು ಜೋಡಿಗಳೂ ಇದ್ದಾರೆ, ಊರಿಗೆ ಏಡ್ಸ್ ಬಂದಿದೆ, ಮನೆ ಬಾಡಿಗೆಗೆ ದುಡ್ಡಿಲ್ಲ. ಹೆಸರೇ 'ಬಾಡಿಗೆ'. ಬರೆದ ಜೊನಾಥನ್ ಲಾರ್ಸನ್ ಮೊದಲ ಪ್ರದರ್ಶನಕ್ಕೆ ಸ್ವಲ್ಪ ಮುಂಚೆ, 35ರ ವಯಸ್ಸಿನಲ್ಲಿ ತೀರಿಕೊಂಡರು. ಅದನ್ನು ಇಲ್ಲಿ ನೆನೆಸಿಕೊಂಡಿದ್ದಕ್ಕೆ ಕಾರಣ ಆ ಹೆಸರು. ಕಲಾವಿದರ ಕನಸು ಅಂದಾಗ ನಾವು ವೇದಿಕೆ, ಲೈಟು, ಚಪ್ಪಾಳೆ ಅಂದುಕೊಳ್ಳುತ್ತೇವೆ. ಹತ್ತಿರ ಹೋಗಿ ನೋಡಿದರೆ ಅದು ತಿಂಗಳ ಬಾಡಿಗೆ.

ಕನ್ನಡಕ್ಕೆ ಇದೇನು ಹೊಸದಾ? ಕಂಪನಿ ನಾಟಕಗಳು ಹಾಡಿನ ಮೇಲೇ ನಿಂತಿದ್ದವು. ಒನ್ಸ್ ಮೋರ್ ಬಿದ್ದರೆ ಸತ್ತ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತಂತೆ. ಪು.ತಿ.ನ. ಅವರ 'ಗೋಕುಲ ನಿರ್ಗಮನ' ಪೂರಾ ಗೀತನಾಟಕ. ಬಿ.ವಿ. ಕಾರಂತರು ಅದನ್ನು ಹೆಗ್ಗೋಡಿನ ನೀನಾಸಂನವರಿಗೆ ಆಡಿಸಿದ್ದನ್ನು ಇವತ್ತಿಗೂ ನೆನೆಸಿಕೊಳ್ಳುವವರು ಸಾಗರದ ಕಡೆ ಸಿಗುತ್ತಾರೆ. ಇನ್ನು ಯಕ್ಷಗಾನ. ಪಾತ್ರಧಾರಿ ಹಾಡುವುದಿಲ್ಲ. ಅವನ ಪರವಾಗಿ ಭಾಗವತ ಹಾಡುತ್ತಾನೆ, ಅವನು ಕುಣಿದು ಆಮೇಲೆ ಅರ್ಥ ಹೇಳುತ್ತಾನೆ. ಯೋಚಿಸಿದರೆ ಇದು ಹಿನ್ನೆಲೆ ಗಾಯನವೇ, ಸಿನಿಮಾ ಹುಟ್ಟೋಕೆ ಎಷ್ಟೋ ಮುಂಚಿನದ್ದು. ಒಬ್ಬ ಗಂಡಸಿನ ದನಿ, ಇನ್ನೊಬ್ಬ ಗಂಡಸಿನ ಮೈ, ಎರಡೂ ಸೇರಿ ಒಂದು ಹೆಣ್ಣಿನ ಪ್ರೀತಿ. ಎದುರಿಗಿರುವ ನಾಯಕನೂ ಗಂಡಸೇ. ಭಸ್ಮಾಸುರ ಮೋಹಿನಿಯಲ್ಲಂತೂ ಇನ್ನೂ ಒಂದು ಮಡಿಕೆ ಜಾಸ್ತಿ: ಗಂಡಸೊಬ್ಬ ವಿಷ್ಣುವಾಗಿ, ಆ ವಿಷ್ಣು ಹೆಣ್ಣಾಗಿ, ಒಬ್ಬ ರಾಕ್ಷಸನನ್ನು ಕುಣಿತದಲ್ಲೇ ಮರುಳು ಮಾಡಿ ಸುಟ್ಟುಹಾಕುತ್ತಾನೆ. ಇಡೀ ಊರು ಚಾಪೆ ಹಾಸಿಕೊಂಡು ಇದನ್ನು ಬೆಳಗಿನವರೆಗೆ ನೋಡಿದೆ.

ಅಂದರೆ ಕಣ್ಣಿಗೆ ಅಭ್ಯಾಸ ಇದೆ. ಕಿವಿಗೂ ಇದೆ. ವೇಷ ಇದ್ದುದರಿಂದ ನಡೆಯಿತು ಅನ್ನಬಹುದು. ಹಾಗಂದರೆ ತಾಳಮದ್ದಲೆಯಲ್ಲಿ ವೇಷವೂ ಇಲ್ಲವಲ್ಲ. ಇರುವುದು ಮಾತು ಮತ್ತು ಮೀಸೆ. ನಮ್ಮ ಕಡೆಯವರು ಒಪ್ಪದೇ ಇರುವುದು ಇನ್ನೊಂದನ್ನು. ಪಾತ್ರ ಮುಗಿದ ಮೇಲೂ ಅದೇ ಪ್ರೀತಿ ಉಳಿದುಬಿಟ್ಟರೆ? ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೊಳೆದು, ಪ್ಯಾಂಟು ಹಾಕಿಕೊಂಡು, ಬಸ್‌ ಸ್ಟ್ಯಾಂಡಿನಲ್ಲಿ ನಿಂತ ಹುಡುಗನಿಗೂ ಅದೇ ಹಂಬಲ ಇದ್ದರೆ? ಅಲ್ಲಿಗೆ ಊರು ಮುಖ ತಿರುಗಿಸುತ್ತದೆ. ಅಂಬೆಗೆ ಕಣ್ಣೀರು ಹಾಕಿದ ಅದೇ ಜಗಲಿಯಲ್ಲಿ 'ಶಿಖಂಡಿ' ಅನ್ನೋದು ಬೈಗುಳ. ಅಂಬೆಯೇ ಮುಂದೆ ಶಿಖಂಡಿ ಆಗಿ ಹುಟ್ಟಿದ್ದು ಅಂತ ಎಲ್ಲರಿಗೂ ಗೊತ್ತು.

ಇಂಥ ಹೊತ್ತಿನಲ್ಲಿ ಸಭೆಗಳಲ್ಲಿ ಒಂದು ಸುಲಭದ ದಾರಿ ಇದೆ. ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನುವ ವಚನ ಹೇಳಿ, ನಮ್ಮ ಸಂಸ್ಕೃತಿ ಎಷ್ಟು ಉದಾರ ನೋಡಿ ಅಂತ ಕೂತುಬಿಡುವುದು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ, ಹೆಮ್ಮೆಪಡೋಣ. ಆದರೆ ಆತ್ಮಕ್ಕೆ ಲಿಂಗವಿಲ್ಲ ಅಂತ ತಲೆದೂಗಿದವರೇ ಮಗ ಹೀಗಂತೆ ಅಂದಾಗ ಡಾಕ್ಟರ ಹತ್ತಿರ, ಜೋಯಿಸರ ಹತ್ತಿರ ಓಡುತ್ತಾರೆ. ಸೊರಬದ ಚಂದ್ರಗುತ್ತಿಯಲ್ಲಿ ರೇಣುಕಾಂಬೆ ಇದ್ದಾಳೆ. ದೇವಿಯ ಹೆಸರಿನಲ್ಲಿ ಹೆಣ್ಣಾಗಿ ಬದುಕುವ ರೇಣುಕೆಯ, ಎಲ್ಲಮ್ಮನ ಜೋಗಪ್ಪಂದಿರಿಗೆ, ಜೋಗತಿಯರಿಗೆ ಜನ ಕೈಮುಗಿಯುತ್ತಾರೆ, ಬಾಡಿಗೆಗೆ ಮನೆ ಕೊಡುವುದಿಲ್ಲ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕಲೆಯ ಮೂಲಕ ಗೌರವ ಸಿಕ್ಕಿತು. ಕಲೆ ಬಾರದ ಮಂಗಳಮುಖಿಗೆ ಸಿಗ್ನಲ್‌ನಲ್ಲಿ ಸಿಗುವುದು ಬೇರೆ.

ಕಾನೂನಿನ ವಿಷಯಕ್ಕೆ ಬರೋಣ, ಇದನ್ನು ಬೇಗ ಮುಗಿಸಬಹುದು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಬ್ರಿಟಿಷರ ಕಾಲದ 377ನೇ ಕಲಮನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲ ಮಾಡಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧ ಅಲ್ಲ ಅಂತ ಹೇಳಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕಿನ ಪ್ರಶ್ನೆ ಬಂದಾಗ ಅದು ಸಂಸತ್ತಿನ ಕೆಲಸ ಅಂದಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. ಹಾಗಾಗಿ ಇಬ್ಬರು ಹುಡುಗರು ಪ್ರೀತಿಸುವುದು ಅಪರಾಧ ಅಲ್ಲ, ಅದನ್ನು ತೆರೆಯ ಮೇಲೆ ತೋರಿಸುವುದೂ ಅಲ್ಲ. ಕೊನೆಯ ದೃಶ್ಯದಲ್ಲಿ ಅವರಿಗೆ ತಾಳಿ ಕಟ್ಟಿಸಬಹುದು, ಆದರೆ ಆ ಮದುವೆಯನ್ನು ನೋಂದಣಿ ಮಾಡಿಸಲು ಆಗುವುದಿಲ್ಲ.

ಸೆನ್ಸಾರ್ ಕಥೆ ಸ್ವಲ್ಪ ತೊಡಕಿನದ್ದು. 1991ರ ಮಾರ್ಗಸೂಚಿಯಲ್ಲಿ ಸಲಿಂಗ ಪ್ರೀತಿ ತೋರಿಸಬೇಡಿ ಅಂತ ಬರೆದಿಲ್ಲ. ಆದರೆ 'ಲೈಂಗಿಕ ವಿಕೃತಿ'ಯ ದೃಶ್ಯಗಳು ಬೇಡ, ಕಥೆಗೆ ಬೇಕೇ ಬೇಕಾದರೆ ಆದಷ್ಟು ಕಡಿಮೆ ಇರಲಿ ಅಂತ ಇದೆ. ವಿಕೃತಿ ಯಾವುದು? ಅದು ಸಿನಿಮಾ ನೋಡಲು ಕೂತ ಸಮಿತಿಯವರ ಮನಸ್ಸಿಗೆ ಬಿಟ್ಟಿದ್ದು. 2023ರ ತಿದ್ದುಪಡಿ, 2024ರ ಹೊಸ ನಿಯಮದ ನಂತರ ಯು/ಎ ಸರ್ಟಿಫಿಕೇಟ್ ಮೂರು ಭಾಗ ಆಗಿದೆ: ಏಳು ದಾಟಿದವರಿಗೆ, ಹದಿಮೂರು ದಾಟಿದವರಿಗೆ, ಹದಿನಾರು ದಾಟಿದವರಿಗೆ. ಇದರ ಮೇಲೆ ಎ. ಇಂಥ ಸಿನಿಮಾಗೆ ಹದಿನಾರು ಸಿಗುತ್ತದೋ ಎ ಸಿಗುತ್ತದೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎ ಬಿತ್ತು ಅನ್ನಿ, ಪಿಯುಸಿ ಹುಡುಗ ಥಿಯೇಟರ್ ಒಳಗೇ ಹೋಗುವಂತಿಲ್ಲ. ಟಿವಿಗೂ ಹಾಗೇ ಕೊಡಲಾಗುವುದಿಲ್ಲ, ಕತ್ತರಿಸಿ ಮತ್ತೆ ಸರ್ಟಿಫಿಕೇಟ್ ಮಾಡಿಸಬೇಕು. ಸಣ್ಣ ಸಿನಿಮಾಗೆ ಟಿವಿ ಹಕ್ಕು ಅಂದರೆ ಹಾಕಿದ ದುಡ್ಡಿನ ಒಂದು ಪಾಲು ವಾಪಸು ಬಂದ ಹಾಗೆ. ಮೊದಲು ಮಂಡಳಿಯ ಮಾತು ಒಪ್ಪಿಗೆ ಆಗದಿದ್ದರೆ ಮೇಲ್ಮನವಿಗೆ ಒಂದು ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನು ತೆಗೆದರು. ಈಗ ಹೈಕೋರ್ಟಿಗೇ ಹೋಗಬೇಕು. ಸಾಲ ಮಾಡಿ ಸಿನಿಮಾ ತೆಗೆದವನಿಗೆ ವಕೀಲರ ಫೀಸು ಇನ್ನೊಂದು ಹಾಡಿನ ಚಿತ್ರೀಕರಣದಷ್ಟು ಭಾರ.

ಸರ್ಟಿಫಿಕೇಟ್ ಸಿಕ್ಕರೂ ಥಿಯೇಟರ್ ಮಾಲೀಕರಿದ್ದಾರೆ. ಇಬ್ಬರು ಹೆಂಗಸರ ಪ್ರೀತಿಯ 'ಫೈರ್' ಸಿನಿಮಾ ಬಂದಾಗ, 1998ರ ಡಿಸೆಂಬರ್‌ನಲ್ಲಿ, ಮುಂಬೈ ಮತ್ತು ದೆಹಲಿಯ ಥಿಯೇಟರ್‌ಗಳಿಗೆ ನುಗ್ಗಿ ಗಾಜು ಒಡೆದರು. ಅದಕ್ಕೆ ಸರ್ಟಿಫಿಕೇಟ್ ಇತ್ತು. ಗಲಾಟೆ ಆಗುತ್ತದೆ ಅನ್ನೋ ನೆಪ ಹೇಳಿ ಸಿನಿಮಾ ತಡೆಯುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಕೆಲಸ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೆ ಶಿವಮೊಗ್ಗದಂಥ ಊರಿನಲ್ಲಿ ಮಾಲೀಕನಿಗೆ ತೀರ್ಪಿಗಿಂತ ಮುಂಬಾಗಿಲ ಗಾಜು ಹತ್ತಿರದ್ದು. ಅವನನ್ನು ಬೈದು ಪ್ರಯೋಜನ ಇಲ್ಲ. ಯಾರೂ ಗಲಾಟೆ ಮಾಡದಿದ್ದರೂ ಶೋಗೆ ಹತ್ತು ಜನ ಬಂದರೆ ಕರೆಂಟ್ ಬಿಲ್ಲೂ ಹುಟ್ಟಲ್ಲ.

ಈಗ ನಿಜವಾಗಿ ಬಂದ ಸಿನಿಮಾಗಳನ್ನು ನೋಡೋಣ. ಮಲಯಾಳಂನಲ್ಲಿ 2004ರಲ್ಲೇ 'ಸಂಚಾರಂ' ಬಂತು, ಇಬ್ಬರು ಹಳ್ಳಿ ಹುಡುಗಿಯರ ಕಥೆ. 2023ರ ನವೆಂಬರ್‌ನಲ್ಲಿ 'ಕಾದಲ್' ಬಂತು. ಮಮ್ಮುಟ್ಟಿಯಂಥ ದೊಡ್ಡ ನಟ, ಚರ್ಚು, ಪಂಚಾಯ್ತಿ ಉಪಚುನಾವಣೆ, ಗಂಡನಿಗೆ ಇನ್ನೊಬ್ಬ ಗಂಡಸಿನ ಜೊತೆ ಸಂಬಂಧ ಅಂತ ಕೋರ್ಟಿನಲ್ಲಿ ಹೆಂಡತಿಯ ವಿಚ್ಛೇದನದ ಅರ್ಜಿ. ಅದರ ಊರು ನೋಡಿದರೆ ತೀರ್ಥಹಳ್ಳಿ ಕಡೆಯದ್ದೇ ಅನ್ನಿಸುತ್ತದೆ, ಅಡಿಕೆ ಜಾಗದಲ್ಲಿ ರಬ್ಬರ್, ಅಷ್ಟೇ. ಕನ್ನಡದಲ್ಲಿ 'ನಾನು ಅವನಲ್ಲ ಅವಳು' ಇದೆ. ಅದಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರ ಪ್ರಶಸ್ತಿ ಪಡೆದರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಿಂದ ಹೋಗಿ ರಂಗತಂಡದ ಹೆಸರನ್ನೇ ತನ್ನ ಹೆಸರಿಗೆ ಕಟ್ಟಿಕೊಂಡ ಹುಡುಗ. 2021ರ ಜೂನ್‌ನಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು. ಅವರ ಬದುಕೇ ಕನಸಿನ ಹಿಂದೆ ಹೋದ ಕಲಾವಿದನ ಕಥೆ. ಆ ಸಿನಿಮಾದಲ್ಲಿ ಇರುವುದು ಗುರುತಿನ ಹೋರಾಟ. ಟ್ರಾನ್ಸ್ ಹೆಣ್ಣಿನ ಪಾತ್ರಕ್ಕೆ ಟ್ರಾನ್ಸ್ ಹೆಣ್ಣನ್ನೇ ಹುಡುಕಬೇಕಿತ್ತಾ ಅನ್ನೋ ಪ್ರಶ್ನೆ ಆಗ ಇಲ್ಲಿ ಅಷ್ಟು ಜೋರಾಗಿ ಏಳಲಿಲ್ಲ. ಇವತ್ತು ತೆಗೆದರೆ ಎದ್ದೇ ಏಳುತ್ತದೆ, ಏಳಲಿ.

ಇವೆಲ್ಲ ಒಳ್ಳೆಯ ಸಿನಿಮಾಗಳು. ಆದರೆ ಇವುಗಳಲ್ಲಿ ಪ್ರೀತಿಸುವವರು ಹೆಚ್ಚಾಗಿ ಮೌನ. ತಲೆ ತಗ್ಗಿಸಿ ಕೂರುತ್ತಾರೆ, ಕಿಟಕಿ ನೋಡುತ್ತಾರೆ, ಹಿನ್ನೆಲೆಯಲ್ಲಿ ಕೊಳಲು. ನಮ್ಮ ಸಿನಿಮಾದ ವ್ಯಾಕರಣ ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ. ನಮ್ಮಲ್ಲಿ ಡ್ಯುಯೆಟ್ ಸಿಕ್ಕ ಜೋಡಿಯೇ ಜೋಡಿ. ವಿಲನ್‌ಗೂ ನಾಯಕಿ ಮೇಲೆ ಮನಸ್ಸಿರುತ್ತದೆ, ಅವನಿಗೆ ಡ್ಯುಯೆಟ್ ಇಲ್ಲ. ಎರಡನೇ ನಾಯಕಿಗೆ ಕನಸಿನಲ್ಲಿ ಒಂದು ಚರಣ. ಸಲಿಂಗ ಜೋಡಿಗೆ ಅನುಕಂಪ ಸಿಕ್ಕಿದೆ, ಕೋರ್ಟ್ ದೃಶ್ಯ ಸಿಕ್ಕಿದೆ, ಹಾಸ್ಯನಟನ ಕೈಯಲ್ಲಿ ಬೇಕಾದಷ್ಟು ಗೇಲಿ ಸಿಕ್ಕಿದೆ. ಪಲ್ಲವಿ ಸಿಕ್ಕಿಲ್ಲ. ಮ್ಯೂಸಿಕಲ್ ಆಗಿಯೇ ಬರಲಿ ಅಂತ ನಾನು ಹೇಳುವುದು ಇದಕ್ಕೆ.

ಪದವನ್ನೇ ನೋಡಿ. ಪೇಪರಿನವರು ಇವತ್ತಿಗೂ 'ಸಲಿಂಗಕಾಮ' ಬರೆಯುತ್ತಾರೆ. ಗಂಡು ಹೆಣ್ಣಿನದ್ದಾದರೆ ಪ್ರೇಮ, ಇವರದ್ದಾದರೆ ಕಾಮ. ಸರ್ಕಾರಿ ಕಾಗದದಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು'. ಈ ಪದ ಹಿಡಿದು ಯಾರೂ ಹಾಡು ಬರೆಯಲಾರರು. ಬೆಂಗಳೂರಿನ ಹುಡುಗರು 'ಕ್ವಿಯರ್' ಅನ್ನುತ್ತಾರೆ, ಸಾಗರದ ಹುಡುಗರೂ ಇನ್‌ಸ್ಟಾಗ್ರಾಂನಲ್ಲಿ ಅದನ್ನೇ ಅನ್ನುತ್ತಾರೆ, ಮನೆಯಲ್ಲಿ ಏನೂ ಅನ್ನುವುದಿಲ್ಲ.

ಆದರೆ ಹಾಡಿಗೆ ಈ ಪದಗಳು ಬೇಕಾಗಿಯೇ ಇಲ್ಲ. ಕನ್ನಡ ಇಲ್ಲಿ ಒಂದು ದೊಡ್ಡ ಉಪಕಾರ ಮಾಡಿದೆ. ಹಿಂದಿಯಲ್ಲಿ ಹಾಡುವವರು 'ಆತಾ ಹೂಂ' ಅಂದ ಕೂಡಲೇ ಗಂಡು, 'ಆತೀ ಹೂಂ' ಅಂದರೆ ಹೆಣ್ಣು. ಕನ್ನಡದಲ್ಲಿ 'ಬರ್ತೀನಿ' ಅಂದರೆ ಯಾರು ಬೇಕಾದರೂ ಬರಬಹುದು. 'ನೀನು ಬಂದೆ' ಅಂದರೆ ಬಂದವರು ಯಾರು ಅಂತ ಕ್ರಿಯಾಪದ ಬಾಯಿಬಿಡುವುದಿಲ್ಲ. 'ಬಂದನು', 'ಬಂದಳು' ಹುಟ್ಟುವುದು ಮೂರನೆಯವರ ಬಗ್ಗೆ ಮಾತಾಡುವಾಗ. ನಾನು, ನೀನು ಅಂತ ಇಬ್ಬರೇ ಇರುವಷ್ಟು ಹೊತ್ತು ಕನ್ನಡದ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಲೆಕ್ಕ ಬೇಡ. ಜಗಲಿಯಲ್ಲಿ ಕೂತ ಮೂರನೆಯವರು ಅವರಿಬ್ಬರ ಬಗ್ಗೆ ಬಾಯಿ ತೆರೆದಾಗ ಅದು ಒಳಗೆ ಬರುತ್ತದೆ. ಒಲವೇ, ಜೀವವೇ, ಚಿನ್ನ ಇವೂ ಹಾಗೇ, ಯಾರಿಗೆ ಬೇಕಾದರೂ ಸಲ್ಲುತ್ತವೆ. 'ಗೆಳೆಯ', 'ಗೆಳತಿ' ಬಿಟ್ಟರಾಯಿತು. ನಮ್ಮ ಭಾವಗೀತೆಗಳಲ್ಲಿ ಹಲವನ್ನು ಒಂದಕ್ಷರ ಬದಲಿಸದೆ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಹಾಡಬಹುದು. ಬೈಕಿನ ಮೇಲೆ ಕೂತು ಹಾಡುವ ದೋಸ್ತಿ ಹಾಡುಗಳನ್ನು ಒಮ್ಮೆ ಸದ್ದಷ್ಟೇ ಕೇಳಿ, ಚಿತ್ರ ನೋಡಬೇಡಿ. ನಿಮಗೇ ನಗು ಬರುತ್ತದೆ.

ದನಿಯ ಪ್ರಶ್ನೆಗೂ ಊರಲ್ಲಿ ಉತ್ತರ ಇದೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಿದವರಿಗೆ ಗೊತ್ತು. ಒಬ್ಬನೇ ಹುಡುಗ ಗಂಡು ದನಿ, ಹೆಣ್ಣು ದನಿ ಎರಡರಲ್ಲೂ ಪೂರಾ ಡ್ಯುಯೆಟ್ ಹಾಡುತ್ತಾನೆ. ಮೈಕ್ ಈ ಕೈಯಿಂದ ಆ ಕೈಗೆ, ಸೊಂಟ ಈ ಕಡೆಯಿಂದ ಆ ಕಡೆಗೆ. ಜನ ಶಿಳ್ಳೆ ಹೊಡೆದು ನೂರರ ನೋಟು ಕೊಡುತ್ತಾರೆ. ಇದೇ ಊರಿನ ಹೆಸರು ಹೊತ್ತ ಶಿವಮೊಗ್ಗ ಸುಬ್ಬಣ್ಣ 'ಕಾಡು ಕುದುರೆ'ಗೆ ಹಾಡಿ ಹಿನ್ನೆಲೆ ಗಾಯನಕ್ಕೆ ರಾಷ್ಟ್ರ ಪ್ರಶಸ್ತಿ ತಂದವರು. ಹಾಡಿನ ವಿಷಯದಲ್ಲಿ ನಾವು ಬಡವರಲ್ಲ.

ಹಾಗಾದರೆ ಈ ಸಿನಿಮಾದ ಹುಡುಗರು ಯಾರು? ಹೊರಗಿನಿಂದ ತರಬೇಕಿಲ್ಲ. ಬಡಗು, ಅಂದರೆ ಉತ್ತರದ ಶೈಲಿಯ ಯಕ್ಷಗಾನ ಮೇಳದಲ್ಲಿ ಕಲಿಯುವವನಿಗೆ ಹಿಂದಿನಿಂದಲೂ ಒಂದು ಏಣಿ ಇತ್ತು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಅಲ್ಲಿಂದ ಕೆಲವರು ಪುಂಡುವೇಷಕ್ಕೆ, ಅಂದರೆ ಎಳೆಯ ವೀರರ ಪಾತ್ರಕ್ಕೆ ಹೋಗುತ್ತಾರೆ, ಕೆಲವರು ಸ್ತ್ರೀವೇಷದಲ್ಲೇ ನಿಲ್ಲುತ್ತಾರೆ. ಸ್ತ್ರೀವೇಷ ಕಟ್ಟುವವರೆಲ್ಲ 'ಹಾಗೆ' ಅಂದುಕೊಳ್ಳುವವರು ದಡ್ಡರು. ಅದು ಕಸುಬು, ವರ್ಷಗಟ್ಟಲೆಯ ಅಭ್ಯಾಸ. ಮಂಟಪ ಪ್ರಭಾಕರ ಉಪಾಧ್ಯರಂಥವರು ಅದನ್ನು ಯಾವ ಎತ್ತರಕ್ಕೆ ಒಯ್ದಿದ್ದಾರೆ ಅಂತ ನೋಡಿದವರಿಗೆ ಗೊತ್ತು. ಆದರೆ 'ಹಾಗೆ' ಇರುವ ಒಬ್ಬ ಹುಡುಗನಿಗೆ ಆ ಚೌಕಿ ಉಸಿರಾಡುವ ಜಾಗ ಆಗಿರಲೂಬಹುದು, ಅಲ್ವಾ?

ಇನ್ನೊಂದು ದಾರಿ ಹೆಗ್ಗೋಡು. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಶುರುಮಾಡಿತು, 1985ರಿಂದ ಊರೂರು ಸುತ್ತಿ ನಾಟಕ ಆಡುವ ತಿರುಗಾಟ. ಅಡಿಕೆ ತೋಟದ ನಡುವಿನ ಆ ಊರಿಗೆ ಎಲ್ಲೆಲ್ಲಿಂದಲೋ ಇಪ್ಪತ್ತು ಚಿಲ್ಲರೆ ವಯಸ್ಸಿನವರು ಬಂದು ಒಟ್ಟಿಗೆ ಉಂಡು, ಮಲಗಿ, ಬೆಳಗ್ಗೆ ಎದ್ದು ದನಿ ಪಳಗಿಸುತ್ತಾರೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದ ಹೋದವರು. ಕೋರ್ಸ್ ಮುಗಿದ ದಿನ ಎಲ್ಲರೂ ತಬ್ಬಿಕೊಂಡು ಅಳುತ್ತಾರೆ, ಆಮೇಲೆ ತಾಳಗುಪ್ಪದ ಕಡೆಯಿಂದ ಬರುವ ರಾತ್ರಿ ರೈಲು ಹತ್ತುತ್ತಾರೆ. ಬೆಂಗಳೂರಿನಲ್ಲಿ ಸೀರಿಯಲ್‌ಗೆ ಆಡಿಷನ್, ಶಾಲೆಗಳಲ್ಲಿ ಬೇಸಿಗೆ ಶಿಬಿರ, ಮತ್ತೆ ಆ ಬಾಡಿಗೆ. ಮನೆ ಓನರ್ ಕೇಳೋದು ಒಂದೇ: "ಫ್ಯಾಮಿಲಿನಾ, ಬ್ಯಾಚುಲರ್ಸಾ?" ಇಬ್ಬರು ಹುಡುಗರು ಬ್ಯಾಚುಲರ್ಸ್ ಅಂದರೆ ಮುಗಿಯಿತು, ಮುಂದೆ ಯಾರೂ ಕೇಳುವುದಿಲ್ಲ. ಈ ಒಂದು ಸಾಲಿನಲ್ಲಿ ಇಡೀ ಹಾಡಿನ ಪಲ್ಲವಿ ಇದೆ.

ಊರಲ್ಲಿ ಉಳಿದವನ ಕಥೆ ಬೇರೆ. ತೋಟದ ಮನೆಯ ಗಂಡು ಮಕ್ಕಳಿಗೆ ಹೆಣ್ಣು ಸಿಗದಿರುವುದು ಈಗ ಮಲೆನಾಡಿನ ಎಲ್ಲರ ದೂರು. ಮೂವತ್ತೈದು, ನಲವತ್ತಾದರೂ ಮದುವೆ ಇಲ್ಲದ ಗಂಡಸರು ಪ್ರತಿ ಕೇರಿಯಲ್ಲೂ ಇದ್ದಾರೆ. ಹಾಗಾಗಿ ಮದುವೆ ಬೇಡದವನಿಗೂ ಒಂದು ಮರೆ ಸಿಕ್ಕಿದೆ: "ಎಲ್ಲಿ ಮಾರಾಯ, ಹೆಣ್ಣೇ ಸಿಗ್ತಿಲ್ಲ." ಊರು ಅಯ್ಯೋ ಪಾಪ ಅನ್ನುತ್ತದೆ. ಹುಡುಗಿಗೆ ಈ ಮರೆ ಇಲ್ಲ. ಅವಳಿಗೆ ಜಾತಕ ಬರುತ್ತಲೇ ಇರುತ್ತದೆ. ಈಗ ಹೆಣ್ಣು ಮಕ್ಕಳು ಗೆಜ್ಜೆ ಕಟ್ಟಿ ಪುಂಡುವೇಷ, ರಾಜವೇಷ ಮಾಡುತ್ತಾರೆ. ಲೀಲಾವತಿ ಬೈಪಾಡಿತ್ತಾಯರು ತೆಂಕು, ಅಂದರೆ ದಕ್ಷಿಣದ ಶೈಲಿಯಲ್ಲಿ ಭಾಗವತಿಕೆಯನ್ನೇ ವೃತ್ತಿ ಮಾಡಿಕೊಂಡು ತೋರಿಸಿದರು. ನನ್ನನ್ನು ಕೇಳಿದರೆ ಈ ಸಿನಿಮಾ ಇಬ್ಬರು ಹುಡುಗಿಯರದ್ದಾಗಬೇಕು. ಒಬ್ಬಳು ಅಭಿಮನ್ಯು, ಇನ್ನೊಬ್ಬಳು ಅವಳಿಗೆ ಪದ್ಯ ಹೇಳುವವಳು. ದನಿ ಒಬ್ಬಳದ್ದು, ಮೈ ಇನ್ನೊಬ್ಬಳದ್ದು. ಒಬ್ಬಳ ಮದುವೆ ಗೊತ್ತಾಗಿ ದನಿ ಹೊರಟುಹೋದರೆ ಇನ್ನೊಬ್ಬಳು ಕುಣಿಯೋದು ಹೇಗೆ? ಕಥೆಗೆ ಇನ್ನೇನು ಬೇಕು.

ಇಂಥ ಸಿನಿಮಾ ಕೆಡುವ ದಾರಿಗಳೂ ಇವೆ. ಮೊದಲನೆಯದು ಡ್ರೋನ್. ಕನ್ನಡ ಸಿನಿಮಾಗೆ ಮಲೆನಾಡು ಅಂದರೆ ಬೆಂಗಳೂರಿನ ಪ್ರೇಮಿಗಳು ಬಂದು ನೆನೆಯುವ ಜಾಗ. ಜೋಗ, ಮಂಜು, ಹೋಂಸ್ಟೇ. ಇಲ್ಲಿನವರು ಜೀಪ್ ಡ್ರೈವರ್ ಆಗಿ ಬಂದು ಹೋಗುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಪ್ರ್ಯಾಕ್ಟೀಸಿಗೆ ಬೇಕಾದ ಒಣಗಿದ ಜಾಗ ಸಿಗುವುದೇ ಕಷ್ಟ, ಚಂಡೆಯ ಚರ್ಮ ಥಂಡಿಗೆ ಸಡಿಲ ಆಗುತ್ತದೆ, ಕರೆಂಟ್ ಹೋದರೆ ಮೂರು ದಿನ ಅನ್ನೋದು ಯಾವ ಡ್ರೋನಿಗೂ ಕಾಣುವುದಿಲ್ಲ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಜನರನ್ನು ದಾಟಿಸುತ್ತಿದ್ದ ಲಾಂಚ್ ಮೇಲೆ ಒಂದು ಹಾಡು ತೆಗೆಯಬಹುದಿತ್ತು. ಹಿನ್ನೀರಿನ ನಡುವೆ ಎರಡೂ ದಡಕ್ಕೆ ಸೇರದ ಸ್ವಲ್ಪ ಹೊತ್ತು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯಿತು. ಜನರಿಗೆ ಒಳ್ಳೆಯದಾಯಿತು, ಹಾಡು ತಪ್ಪಿಹೋಯಿತು. ಎರಡನೆಯದು ಭಾಷಣ. ಕೊನೆಯ ಹತ್ತು ನಿಮಿಷ ಯಾರೋ ವಕೀಲರು, ಡಾಕ್ಟರು ನಿಂತು ತಿಳಿಹೇಳಿದರೆ ಅದು ಆರೋಗ್ಯ ಇಲಾಖೆಯ ಬೀದಿ ನಾಟಕ ಆಗುತ್ತದೆ.

ದುಡ್ಡು ಎಲ್ಲಿಂದ? ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ, ಕನ್ನಡ ಸಿನಿಮಾಗಳಿಗೆ ಒಂದು ಒಟಿಟಿ ಅಂತ ಹೇಳಿತು. ಟಿಕೆಟ್ ಆದೇಶಕ್ಕೆ ಹೈಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ತಡೆ ಕೊಟ್ಟಿತು. ಇದ್ಯಾವುದನ್ನೂ ನಂಬಿ ಮ್ಯೂಸಿಕಲ್‌ಗೆ ಕೈಹಾಕಲಾಗದು. ಮೊದಲೇ ಹಾಡು ರೆಕಾರ್ಡ್ ಆಗಬೇಕು, ತಿಂಗಳುಗಟ್ಟಲೆ ತಾಲೀಮು ಬೇಕು. ಬೆಂಗಳೂರಿನಲ್ಲಿ ತಾಲೀಮಿನ ಜಾಗಕ್ಕೇ ಗಂಟೆ ಲೆಕ್ಕದಲ್ಲಿ ಬಾಡಿಗೆ. ಇಲ್ಲಿ ಮೇಳಗಳು ಮೇ ಕೊನೆಗೆ ಗೆಜ್ಜೆ ಬಿಚ್ಚುತ್ತವೆ, ದೀಪಾವಳಿ ಕಳೆಯುವವರೆಗೆ ಎಷ್ಟೋ ಕಲಾವಿದರಿಗೆ ಕೈತುಂಬ ಕೆಲಸ ಇರುವುದಿಲ್ಲ. ಹಾಡಲು, ಕುಣಿಯಲು, ಬಾಯಿಪಾಠ ಇಲ್ಲದೆ ಮಾತಾಡಲು ಬರುವ ಇಷ್ಟು ಜನ ಆ ತಿಂಗಳುಗಳಲ್ಲಿ ಬೇರೆ ಯಾವ ಊರಲ್ಲಿ ಸಿಗುತ್ತಾರೆ? ಗಾಂಧಿನಗರದ ಲೆಕ್ಕದಲ್ಲಿ ಈ ಸಿನಿಮಾ ಕಷ್ಟ. ಒಂದು ಮೇಳದ ಲೆಕ್ಕದಲ್ಲಿ ಅಷ್ಟು ಕಷ್ಟ ಅಲ್ಲ.

ಹೋದ ಫೆಬ್ರವರಿಯಲ್ಲಿ ಸಾಗರದ ಹತ್ತಿರ ಒಂದು ಹರಕೆ ಯಕ್ಷಗಾನ ಆಟ ಮುಗಿದ ಮೇಲೆ ಚೌಕಿಗೆ ಹೋಗಿದ್ದೆ. ಸ್ತ್ರೀವೇಷದ ಒಬ್ಬ ಹುಡುಗನ ಪರಿಚಯ ಇತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಡಾಬು ಬಿಚ್ಚಿ, ಚವರಿ ತೆಗೆದು ಪೆಟ್ಟಿಗೆಯಲ್ಲಿಟ್ಟಿದ್ದ. ಕೊಬ್ಬರಿ ಎಣ್ಣೆ ಅಂಗೈಗೆ ಸುರಿದುಕೊಂಡು ಮುಖಕ್ಕೆ ಉಜ್ಜಿದ. ಕೆಂಪು, ಬಿಳಿ, ಕಾಡಿಗೆ ಎಲ್ಲ ಕಲಸಿಹೋಗಿ ಒಂದು ಕ್ಷಣ ಮುಖ ಯಾರದ್ದೂ ಅಲ್ಲದ ಹಾಗೆ ಆಯಿತು. ಹಳೇ ಲುಂಗಿ ತುಂಡಿನಿಂದ ಒರೆಸುತ್ತಾ ನನ್ನನ್ನು ಕನ್ನಡಿಯಲ್ಲೇ ನೋಡಿದ. ಈ ಲೇಖನದ ಯೋಚನೆ ಆಗಲೇ ತಲೆಯಲ್ಲಿ ಇತ್ತು. ಇಂಥದ್ದೊಂದು ಸಿನಿಮಾ ಮಾಡಿದರೆ ಹಾಡು ಎಲ್ಲಿರಬೇಕೋ ಅಂತ ಕೇಳಿದೆ.

"ಇಲ್ಲೇ ಇರ್ಲಿ ಅಣ್ಣ, ಬಣ್ಣ ತೆಗೆಯುವಾಗ" ಅಂದ. "ಆಟದಲ್ಲಿ ಈ ಹೊತ್ತಿಗೆ ಭಾಗವತರು ಮಂಗಳ ಹಾಡಿ ಮುಗಿಸಿರ್ತಾರೆ."

ಹೊರಗೆ ಮೇಳದ ವ್ಯಾನು ಹಾರ್ನ್ ಹೊಡೆಯಿತು. ಕಿವಿಯ ಹಿಂದೆ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಹೇಳಿದೆ. ಪರವಾಗಿಲ್ಲ, ಕಾಣಲ್ಲ ಅಂತ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.